ಮರಿ ಮಂಕಾದಾಗ ತಿಂಡಿ ಬೇಡ: ಕೋಳಿಮರಿಗಳ ಮೇವಿನ ದೋಷ ಪತ್ತೆಹಚ್ಚುವ ಬಗೆ

ನಿನ್ನೆಯವರೆಗೂ ಮೇವಿನ ತಟ್ಟೆಯ ಸುತ್ತ ಚುರುಕಾಗಿ ಓಡಾಡಿಕೊಂಡಿದ್ದ ಮರಿ ಇಂದು ಬೆಳಿಗ್ಗೆ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು, ಕಣ್ಣು ಅರೆಮುಚ್ಚಿ ನಿಂತಿದೆ. ಸಾಕಿದವರ ಕಾಲು ತಾನಾಗಿಯೇ ಅಡುಗೆಮನೆಯ ಕಡೆಗೆ ನಡೆಯುತ್ತದೆ. ಬೇಯಿಸಿದ ಮೊಟ್ಟೆಯ ಹಳದಿ ಒಂದಿಷ್ಟು, ಹೆಚ್ಚಿದ ಸೊಪ್ಪು ಒಂದಿಷ್ಟು ತಂದು ಕೊಕ್ಕಿನ ಮುಂದೆ ಹಿಡಿಯುತ್ತೇವೆ. ಮರಿ ಎರಡು ಸಲ ಕುಕ್ಕಿದರೆ ಹೋದ ಜೀವ ಬಂದಂತಾಗುತ್ತದೆ. ಆ ಮಮತೆ ನನಗೆ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ, ಆ ಹೊತ್ತಿನಲ್ಲಿ ತಿಂಡಿ ಕೊಡಬೇಡಿ. ರುಚಿಯ ತುಣುಕನ್ನು ಚಳಿ ಹಿಡಿದ ಮರಿಯೂ ಕುಕ್ಕುತ್ತದೆ, ಬಾಯಾರಿದ ಮರಿಯೂ ಕುಕ್ಕುತ್ತದೆ, ಕಾಯಿಲೆ ಶುರುವಾದ ಮರಿಯೂ ಕುಕ್ಕುತ್ತದೆ. ಕುಕ್ಕಿತು ಎಂಬುದರಿಂದ ನಮಗೆ ಏನೂ ತಿಳಿಯುವುದಿಲ್ಲ. ತಿಂದದ್ದು ಮೊದಲು ಸೇರುವ ಅದರ ಕೊರಳ ಚೀಲ ಹೇಗಿತ್ತು, ಹಿಕ್ಕೆಯ ಬಣ್ಣ ಏನಿತ್ತು ಎಂಬ ಗುರುತುಗಳು ಮಾತ್ರ ಕಲಸಿಹೋಗುತ್ತವೆ.

ಇಲ್ಲಿ ಮರಿ ಎಂದರೆ ಮೊಟ್ಟೆಯೊಡೆದ ದಿನದಿಂದ ಸುಮಾರು ಎಂಟು ವಾರದವರೆಗಿನ ಕೋಳಿಮರಿ. ತಿಂಡಿ ಎಂದರೆ ಅದರ ಸ್ಟಾರ್ಟರ್ ಆಹಾರವನ್ನು, ಅಂದರೆ ಎಳೆಯ ಮರಿಗಳಿಗೆಂದೇ ತಯಾರಿಸಿದ ಮೇವನ್ನು, ಬಿಟ್ಟು ನಾವು ಕೈಯಾರೆ ಕೊಡುವ ಬೇರೆ ಎಲ್ಲವೂ: ಮೊಟ್ಟೆ, ಸೊಪ್ಪು, ಹಣ್ಣು, ಕಾಳು, ಹುಳು. ದೋಷ ಹುಡುಕುವಾಗ ನಾನು ಹಿಡಿಯುವ ಕ್ರಮ ಒಂದೇ. ಮೊದಲು ಕಾವು, ಆಮೇಲೆ ನೀರು, ಆಮೇಲೆ ಮೇವು, ಕೊನೆಗೆ ತಿಂಡಿ. ಚಳಿಯಾದ ಮರಿ ತಿನ್ನುವುದಿಲ್ಲ, ನೀರು ಸಿಗದ ಮರಿಯೂ ತಿನ್ನುವುದಿಲ್ಲ. ಹಾಗಾಗಿ ಮೇವಿನಲ್ಲಿ ಏನೋ ಕೆಟ್ಟಿದೆ ಎಂದು ಕಾಣುವ ಎಷ್ಟೋ ಸಂದರ್ಭಗಳಲ್ಲಿ ಮೇವು ಸರಿಯಾಗಿಯೇ ಇರುತ್ತದೆ. ಇನ್ನೊಂದು ಮಾತು: ಒಂದು ಹೊತ್ತಿಗೆ ಒಂದನ್ನೇ ಬದಲಿಸಿ. ಕಾವು ಕೊಡುವ ದೀಪ ಎತ್ತರಿಸಿ, ಮೇವು ಬದಲಿಸಿ, ನೀರಿಗೆ ವಿಟಮಿನ್ ಹನಿಸಿ, ಎಲ್ಲವನ್ನೂ ಒಂದೇ ಬೆಳಿಗ್ಗೆ ಮಾಡಿದರೆ ಮರಿ ಚೇತರಿಸಿಕೊಂಡರೂ ಕಾರಣ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲಲ್ಲೇ ತಡಕಾಡಬೇಕಾಗುತ್ತದೆ.

ಮುಟ್ಟುವ ಮೊದಲು ಐದು ನಿಮಿಷ

ಗೂಡಿನ ಪಕ್ಕ ಸದ್ದು ಮಾಡದೆ ಕುಳಿತು ನೋಡಿ. ನೆಮ್ಮದಿಯಾಗಿರುವ ಮರಿಗಳ ದನಿ ಸಣ್ಣದು, ಬಿಟ್ಟು ಬಿಟ್ಟು ಬರುತ್ತದೆ. ಏರಿದ ದನಿಯಲ್ಲಿ ಎಡೆಬಿಡದೆ ಕೂಗುತ್ತಿದ್ದರೆ ಅವುಗಳಿಗೆ ಏನೋ ಸಾಲದಾಗಿದೆ, ಹೆಚ್ಚಿನ ಸಲ ಅದು ಕಾವು. ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಚಳಿ. ದೀಪದಿಂದ ದೂರ ಸರಿದು, ಕೊಕ್ಕು ತೆರೆದು, ರೆಕ್ಕೆ ಅಗಲಿಸಿಕೊಂಡು ಮಲಗಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿಕೊಂಡಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು, ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಥರ್ಮಾಮೀಟರನ್ನು ಗೋಡೆಗೆ ನೇತುಹಾಕಿದರೆ ಅದು ಗೋಡೆಯ ಬಿಸಿಯನ್ನು ಹೇಳುತ್ತದೆ. ಹಾಸಿನ ಮೇಲೆ, ಮರಿ ಮಲಗುವ ಜಾಗದಲ್ಲೇ ಇಟ್ಟು ಅಳೆಯಿರಿ.

ಆಮೇಲೆ ಮರಿಯನ್ನು ಎತ್ತಿಕೊಳ್ಳಿ. ಅಂಗೈಯಲ್ಲಿ ಕೂರಿಸಿ, ಬೆರಳುಗಳಿಂದ ರೆಕ್ಕೆಗಳನ್ನು ಮೆಲ್ಲಗೆ ಹಿಡಿದು, ಇನ್ನೊಂದು ಕೈಯ ತೋರುಬೆರಳನ್ನು ಕೊರಳಿನ ಬುಡದಲ್ಲಿ, ಮರಿಯ ಎದೆಯ ಬಲಭಾಗಕ್ಕೆ ಆಡಿಸಿ. ತಿಂದದ್ದು ಮೊದಲು ಶೇಖರವಾಗುವ ಚೀಲ ಅಲ್ಲಿದೆ, ಕ್ರಾಪ್ ಎಂದು ಕರೆಯುವುದು ಅದನ್ನೇ. ಅದು ನಾದಿದ ಹಿಟ್ಟಿನ ಸಣ್ಣ ಉಂಡೆಯಂತೆ ಮೆತ್ತಗೆ, ದುಂಡಗೆ ಇದ್ದರೆ ಮರಿ ತಿಂದೂ ಇದೆ, ಕುಡಿದೂ ಇದೆ. ಗಟ್ಟಿಯಾಗಿದ್ದು ಮೇವಿನ ತರಿ ಬೆರಳಿಗೆ ಸಿಗುವಂತಿದ್ದರೆ ತಿಂದಿದೆ, ಆದರೆ ನೀರು ಸಾಲಲಿಲ್ಲ. ಒತ್ತಿದರೆ ತುಳುಕುವ ನೀರಿನ ಗುಳ್ಳೆಯಂತಿದ್ದರೆ ಬರೀ ಕುಡಿದಿದೆ, ಮೇವು ಕಂಡಿಲ್ಲ. ಏನೂ ಸಿಗದಿದ್ದರೆ ಎರಡೂ ಇಲ್ಲ. ಗೂಡಿಗೆ ಬಿಟ್ಟ 24 ಗಂಟೆಗಳ ಒಳಗೆ ಹೆಚ್ಚುಕಡಿಮೆ ಎಲ್ಲ ಮರಿಗಳ ಚೀಲವೂ ತುಂಬಿರಬೇಕು. ಈ ಒಂದು ಸ್ಪರ್ಶ ಕಲಿತರೆ ಅರ್ಧ ರೋಗನಿರ್ಣಯ ಬೆರಳ ತುದಿಗೆ ಬಂದಂತೆ. ಆರೋಗ್ಯದ ಮರಿಗಳ ಮೇಲೆ ಮೊದಲು ಅಭ್ಯಾಸ ಮಾಡಿ, ಆಗ ವ್ಯತ್ಯಾಸ ಗೊತ್ತಾಗುತ್ತದೆ.

ತಟ್ಟೆಯಲ್ಲಿ ಮೇವಿದೆ, ಮರಿ ತಿನ್ನುತ್ತಿಲ್ಲ

ಮರಿ ಒಂದೆರಡು ದಿನದ್ದಾದರೆ ಗಾಬರಿಪಡಬೇಡಿ. ಮೊಟ್ಟೆಯೊಡೆಯುವ ಮೊದಲು ಹಳದಿಯ ಉಳಿಕೆಯನ್ನು ಅದು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು ಮೂರು ದಿನ ಜೀವ ಹಿಡಿದುಕೊಳ್ಳಲು ಅಷ್ಟು ಸಾಕು. ಹಾಗೆಂದು ಕಾಯುತ್ತಾ ಕೂರುವುದೂ ಸರಿಯಲ್ಲ. ಮರಿಯ ಕೊಕ್ಕಿನ ತುದಿಯನ್ನು ಒಮ್ಮೆ ನೀರಿಗೆ ತಾಗಿಸಿ. ಮೂಗಿನ ರಂಧ್ರ ಮುಳುಗದಂತೆ ನೋಡಿಕೊಳ್ಳಿ. ಒಂದು ಕುಡಿದರೆ ಉಳಿದವು ನೋಡಿ ಕಲಿಯುತ್ತವೆ. ಮೇವನ್ನು ಮೊದಲ ಎರಡು ದಿನ ತಗ್ಗಿನ ತಟ್ಟೆಯಲ್ಲಿ, ಒರಟು ಕಾಗದದ ಮೇಲೆ ಕೂಡ ಸ್ವಲ್ಪ ಉದುರಿಸಿಡಿ. ನಯವಾದ ಕಾಗದ ಬೇಡ, ಅದರ ಮೇಲೆ ಕಾಲು ಜಾರಿ ಜಾರಿ ಎರಡೂ ಕಾಲು ಅಗಲಕ್ಕೆ ಬಾಗುತ್ತವೆ. ಬೆರಳಿನಿಂದ ಮೇವಿನ ಮೇಲೆ ಟಕ್ ಟಕ್ ಎಂದು ತಟ್ಟಿದರೆ ತಾಯಿಕೋಳಿ ಕುಕ್ಕಿ ತೋರಿಸಿದಂತಾಗಿ ಮರಿಗಳು ಓಡಿ ಬರುತ್ತವೆ.

ದೊಡ್ಡ ಮರಿ ತಿನ್ನದಿದ್ದರೆ ನೀರಿನ ಪಾತ್ರೆಯನ್ನು ಮೊದಲು ನೋಡಿ. ಮರಿಗಳು ತೂಕದ ಲೆಕ್ಕದಲ್ಲಿ ತಿನ್ನುವುದರ ಸುಮಾರು ಎರಡರಷ್ಟು ಕುಡಿಯುತ್ತವೆ. ಪಾತ್ರೆಯಲ್ಲಿ ನೀರಿದ್ದರೂ ಅದು ದೀಪದ ಕೆಳಗೆ ಬೆಚ್ಚಗಾಗಿದ್ದರೆ, ಹೊಟ್ಟು ಬಿದ್ದು ಕಲಕಿದ್ದರೆ, ನೀವು ಬೆರೆಸಿದ ಔಷಧದಿಂದ ಕಹಿಯಾಗಿದ್ದರೆ ಅವು ಮುಟ್ಟುವುದಿಲ್ಲ. ನಂತರ ತಟ್ಟೆಯ ಜಾಗ. ಪ್ರತಿ ಮರಿಗೂ ಕನಿಷ್ಠ ಎರಡೂವರೆ ಸೆಂಟಿಮೀಟರ್ ಅಂಚು ಸಿಗಬೇಕು. ಇಲ್ಲವಾದರೆ ಬಲವಾದವು ತಿಂದು ಹೋಗುವ ಹೊತ್ತಿಗೆ ಸೊರಗಿದ ಮರಿಗೆ ಉಳಿಯುವುದು ಪುಡಿ ಮಾತ್ರ. ಇವೆರಡೂ ಸರಿಯಿದ್ದರೆ ಮೇವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ. ಮುಗ್ಗಲು ವಾಸನೆ, ಹಳಸಿದ ಎಣ್ಣೆಯ ಕಮಟು, ಗಂಟುಗಟ್ಟಿದ ತರಿ, ಇವುಗಳಲ್ಲಿ ಯಾವುದು ಕಂಡರೂ ಅಷ್ಟನ್ನೂ ಎಸೆಯಿರಿ. ಬೂಷ್ಟಿನ ವಿಷ ಯಕೃತ್ತಿಗೆ ಹೊಡೆಯುತ್ತದೆ, ಒಣಗಿಸಿದರೂ ಬೇಯಿಸಿದರೂ ಹೋಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಸ್ಟಾರ್ಟರನ್ನು ಬಿಟ್ಟು ನಿಮ್ಮ ಕೈಯನ್ನೇ ನೋಡುತ್ತಿದ್ದರೆ, ಅದು ತಿಂಡಿಗಾಗಿ ಕಾಯುತ್ತಿದೆ. ಒಂದು ದಿನ ತಿಂಡಿ ನಿಲ್ಲಿಸಿ. ಹಸಿದ ಆರೋಗ್ಯದ ಮರಿ ಕೆಲವೇ ಗಂಟೆಗಳಲ್ಲಿ ತಟ್ಟೆಗೆ ಮರಳುತ್ತದೆ. ಮರಳದಿದ್ದರೆ ತೊಂದರೆ ಬೇರೆ ಇದೆ ಎಂದು ಖಚಿತವಾಯಿತು.

ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡಿದೆ

ಮೊದಲ ವಾರದಲ್ಲಿ ದಿನಕ್ಕೆ ಎರಡು ಸಲ ಪ್ರತಿ ಮರಿಯ ಹಿಂಭಾಗ ನೋಡುವುದು ಬೇಸರದ ಕೆಲಸವೆನಿಸಿದರೂ ಬಿಡಬೇಡಿ. ಹಿಕ್ಕೆ ಒಣಗಿ ಗುದದ್ವಾರವನ್ನು ಮುಚ್ಚಿದರೆ ಮರಿ ಒಂದೆರಡು ದಿನದಲ್ಲಿ ಸಾಯಬಹುದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಆ ಜಾಗಕ್ಕೆ ಒತ್ತಿ ಹಿಡಿದುಕೊಳ್ಳಿ. ಒಂದೆರಡು ನಿಮಿಷದಲ್ಲಿ ಮೇಲಿನ ಪದರ ಮೆದುವಾಗುತ್ತದೆ, ಸ್ವಲ್ಪ ಸ್ವಲ್ಪವಾಗಿ ಒರೆಸಿ ತೆಗೆಯಿರಿ. ಎಳೆದರೆ ತುಪ್ಪುಳದ ಜೊತೆಗೆ ಚರ್ಮವೂ ಕಿತ್ತು ಬರುತ್ತದೆ. ತೆಗೆದ ಮೇಲೆ ಪೂರ್ತಿ ಒಣಗುವವರೆಗೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ, ಒದ್ದೆ ಮರಿಯನ್ನು ಹಾಗೆಯೇ ಗೂಡಿಗೆ ಬಿಟ್ಟರೆ ಚಳಿಗೆ ಕುಸಿಯುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹೊಟ್ಟೆಯ ಕೆಳಭಾಗದಲ್ಲಿ, ಗುದಕ್ಕಿಂತ ಸ್ವಲ್ಪ ಮುಂದೆ, ಒಣಗಿದ ಹೊಕ್ಕುಳಿನ ಕಪ್ಪು ಚುಕ್ಕೆಯಿರುತ್ತದೆ. ಅದನ್ನು ಹಿಕ್ಕೆಯೆಂದು ತಿಳಿದು ಕೀಳಬೇಡಿ, ಕಿತ್ತರೆ ಗಾಯ ನೇರವಾಗಿ ಹೊಟ್ಟೆಯೊಳಗೆ ತೆರೆದುಕೊಳ್ಳುತ್ತದೆ.

ಕಾರಣ ಹುಡುಕುವಾಗ ಎಣಿಕೆ ಮುಖ್ಯ. ಒಂದೇ ಮರಿಯಲ್ಲಿ ಕಂಡರೆ ಆ ಮರಿ ಬಲಹೀನವಾಗಿದೆ, ಅಥವಾ ದೂರದ ಪ್ರಯಾಣದಲ್ಲಿ ಬಳಲಿದೆ. ಮೂರು ನಾಲ್ಕು ಮರಿಗಳಲ್ಲಿ ಒಟ್ಟಿಗೆ ಕಂಡರೆ ಕಾವು ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ, ಇಲ್ಲವೇ ನೀರು ಸಾಲದಾಗಿದೆ. ಮೊದಲ ವಾರದಲ್ಲೇ ಹಾಲು, ಸಿಹಿ ಹಣ್ಣು, ಬೇರೆ ಬೇರೆ ತಿಂಡಿ ಶುರುಮಾಡಿದ್ದರೆ ಅವನ್ನು ನಿಲ್ಲಿಸಿ ಎರಡು ದಿನ ಬರೀ ಸ್ಟಾರ್ಟರ್ ಮತ್ತು ನೀರು ಕೊಟ್ಟು ನೋಡಿ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕೋಳಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಬೆಳಿಗ್ಗೆಯೂ ಚೀಲ ತುಂಬಿಯೇ ಇದೆ

ಇದು ನನ್ನ ಗೂಡಿನಲ್ಲೇ ನಡೆದದ್ದು. ಹನ್ನೊಂದು ದಿನದ ಮರಿಗಳಿಗೆ ಒಂದು ಮಧ್ಯಾಹ್ನ ಎಳೆಯ ಹುಲ್ಲಿನ ಹಿಡಿಯೊಂದನ್ನು ಹಾಗೆಯೇ ಹಾಕಿದ್ದೆ. ಎಲ್ಲವೂ ಎಳೆದಾಡಿ ತಿಂದವು, ನೋಡಲು ಬಲು ಚೆಂದವಿತ್ತು. ಮರುದಿನ ಒಂದು ಮರಿ ಕೊರಳನ್ನು ಮುಂದಕ್ಕೆ ಚಾಚಿ ಚಾಚಿ ಏನನ್ನೋ ನುಂಗಲು ಒದ್ದಾಡುತ್ತಿತ್ತು. ಚೀಲ ಮುಟ್ಟಿದರೆ ಒಳಗೆ ನೂಲಿನುಂಡೆಯಂತಹ ಗಟ್ಟಿ ಗಂಟು, ಒತ್ತಿದರೂ ಆಕಾರ ಬದಲಾಗುತ್ತಿರಲಿಲ್ಲ. ಹುಲ್ಲಿನ ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಗೂಡಿನಲ್ಲಿ ಗ್ರಿಟ್, ಅಂದರೆ ಮರಿಗಳು ನುಂಗುವ ಸಣ್ಣ ಕಲ್ಲಿನ ತರಿ, ಇರಲಿಲ್ಲ, ಅದು ಎರಡನೆಯ ತಪ್ಪು.

ಕೋಳಿಗೆ ಹಲ್ಲಿಲ್ಲ. ಚೀಲದಿಂದ ಇಳಿದದ್ದನ್ನು ಗಿಜಾರ್ಡ್ ಎಂಬ ಸ್ನಾಯುವಿನ ಹೊಟ್ಟೆ ಅರೆಯುತ್ತದೆ, ಅರೆಯಲು ಅದಕ್ಕೆ ಒಳಗೆ ಸಣ್ಣ ಕಲ್ಲುಗಳು ಬೇಕು. ಸ್ಟಾರ್ಟರ್ ಆಹಾರ ನೀರಿನಲ್ಲಿ ತಾನೇ ಕರಗುವುದರಿಂದ ಬರೀ ಅದನ್ನೇ ತಿನ್ನುವ ಮರಿಗೆ ಗ್ರಿಟ್ ಬೇಕಾಗಿಲ್ಲ. ಆದರೆ ಸೊಪ್ಪು, ಕಾಳು, ಹುಳು ಎಂದು ಶುರುವಾದ ದಿನದಿಂದ ಬೇಕೇ ಬೇಕು. ಅದಕ್ಕೂ ಎರಡು ದಿನ ಮೊದಲೇ ಮರಿಗಳ ಗಾತ್ರದ ಗ್ರಿಟ್ ಅಥವಾ ತೊಳೆದ ದಪ್ಪ ಮರಳನ್ನು ಮೇವಿನ ಮೇಲೆ ಚೂರು ಉದುರಿಸಿ. ಕಪ್ಪೆಚಿಪ್ಪಿನ ಪುಡಿ ಗ್ರಿಟ್ ಅಲ್ಲ. ಅದು ಹೊಟ್ಟೆಯಲ್ಲಿ ಕರಗಿ ಮರಿಗೆ ಬೇಡದ ಕ್ಯಾಲ್ಸಿಯಂ ಆಗುತ್ತದೆ.

ಪರೀಕ್ಷಿಸುವಾಗ ಒಂದು ಮೋಸ ಆಗಬಹುದು. ದೊಡ್ಡ ಕೋಳಿಯ ಚೀಲ ರಾತ್ರಿ ತುಂಬಿದ್ದು ಬೆಳಿಗ್ಗೆ ಖಾಲಿಯಾಗಿರುತ್ತದೆ. ರಾತ್ರಿಯಿಡೀ ಬೆಳಕಿನ ದೀಪ ಉರಿಯುವ ಗೂಡಿನಲ್ಲಿ ಮರಿಗಳು ನಡುರಾತ್ರಿಯೂ ಎದ್ದು ತಿನ್ನುತ್ತವೆ, ಬೆಳಿಗ್ಗೆ ಚೀಲ ತುಂಬಿರುವುದು ಸಹಜ. ಆದ್ದರಿಂದ ಆ ಒಂದು ಮರಿಯನ್ನು ಕಾವು ಮತ್ತು ನೀರು ಇರುವ ಬೇರೆ ಪೆಟ್ಟಿಗೆಯಲ್ಲಿಟ್ಟು ನಾಲ್ಕೈದು ಗಂಟೆ ಮೇವು ಕೊಡದೆ ಮತ್ತೆ ಮುಟ್ಟಿ. ಕುಗ್ಗಿದ್ದರೆ ಏನೂ ಇಲ್ಲ. ಕುಗ್ಗದಿದ್ದರೆ ಕಟ್ಟಿಕೊಂಡಿದೆ. ಕೊಕ್ಕಿನ ಪಕ್ಕದಿಂದ ಬೆಚ್ಚಗಿನ ನೀರನ್ನು ಒಂದೊಂದೇ ಹನಿಯಾಗಿ, ತಾನೇ ನುಂಗುವಷ್ಟು ಮಾತ್ರ ಕೊಟ್ಟು, ಚೀಲವನ್ನು ಬೆರಳಿನಿಂದ ವೃತ್ತಾಕಾರದಲ್ಲಿ ಮೆಲ್ಲಗೆ ನೀವಿ. ತಲೆಕೆಳಗೆ ಮಾಡಿ ವಾಂತಿ ಮಾಡಿಸಲು ಹೋಗಬೇಡಿ, ನೀರು ಶ್ವಾಸನಾಳಕ್ಕೆ ಇಳಿದರೆ ಮರಿ ಕೈಯಲ್ಲೇ ಸಾಯುತ್ತದೆ. ನನ್ನ ಮರಿಯ ಗಂಟು ಸಡಿಲಗೊಳ್ಳಲು ಸಂಜೆಯವರೆಗೆ ಹಿಡಿಯಿತು, ಗಂಟೆಗೊಮ್ಮೆ ಕೂತು ನೀವಿದೆ. ಚೀಲ ಗಟ್ಟಿಯಾಗಿರದೆ ತುಳುಕುತ್ತಿದ್ದು ಬಾಯಿಂದ ಹುಳಿ ವಾಸನೆ ಬರುತ್ತಿದ್ದರೆ ಅದು ಒಳಗೆ ಹುದುಗು ಬೆಳೆದ ಲಕ್ಷಣ, ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರಿಗೆ ತೋರಿಸಿ.

ತಿನ್ನುತ್ತದೆ, ಬೆಳೆಯುತ್ತಿಲ್ಲ

ತಿಂಡಿಯ ಪಾಲು ಹೆಚ್ಚಾದದ್ದು ಬಯಲಾಗುವುದು ಇಲ್ಲಿ, ಮತ್ತು ತಡವಾಗಿ. ಮರಿ ಲವಲವಿಕೆಯಿಂದಿದೆ, ಕೈಗೆ ಓಡಿ ಬರುತ್ತದೆ, ಚೀಲ ತುಂಬಿದೆ. ಆದರೆ ಜೊತೆಯವುಗಳಿಗೆ ರೆಕ್ಕೆಗರಿ ಮೂಡಿದ್ದರೂ ಇದು ಇನ್ನೂ ತುಪ್ಪುಳದಲ್ಲೇ ಇದೆ. ಕಣ್ಣಳತೆಯನ್ನು ನಂಬದೆ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೊಟ್ಟೆಯ ತಳಿಯ ಮರಿ ಹುಟ್ಟುವಾಗ ಸುಮಾರು 40 ಗ್ರಾಂ, ವಾರ ತುಂಬುವಾಗ 60ರಿಂದ 70 ಗ್ರಾಂ ತೂಗುತ್ತದೆ. ಮಾಂಸದ ತಳಿಯದು ಅದೇ ವಾರದಲ್ಲಿ ನಾಲ್ಕು ಪಟ್ಟಾಗುತ್ತದೆ, ಎರಡನ್ನೂ ಹೋಲಿಸಬೇಡಿ.

ಈಗ ಲೆಕ್ಕ. ಮೊಟ್ಟೆಯ ತಳಿಯ ಮರಿ ಮೊದಲ ವಾರದಲ್ಲಿ ದಿನಕ್ಕೆ ಒಟ್ಟು 10ರಿಂದ 15 ಗ್ರಾಂ ತಿನ್ನುತ್ತದೆ. ತಿಂಡಿ ಅದರ ಹತ್ತನೇ ಒಂದು ಭಾಗ ಮೀರಬಾರದು ಎಂದರೆ ಒಂದೂವರೆ ಗ್ರಾಂ ಒಳಗೆ. ಒಂದು ಮೊಟ್ಟೆಯ ಹಳದಿ ಸುಮಾರು 17 ಗ್ರಾಂ. ಹತ್ತು ಮರಿಗಳಿಗೆ ಒಂದು ಪೂರ್ತಿ ಹಳದಿ ಹಂಚಿದರೆ ಮಿತಿ ಆಗಲೇ ದಾಟಿತು. ನಮ್ಮ ಕಣ್ಣಿಗೆ ಚಿಟಿಕೆಯೆಂದು ಕಾಣುವುದು ಮರಿಯ ಪಾಲಿಗೆ ಒಂದು ಊಟ. ಕಾಳು ಕೊಟ್ಟರೆ ಇನ್ನೊಂದು ನಷ್ಟವಿದೆ. ಸ್ಟಾರ್ಟರಿನಲ್ಲಿ 20 ಶೇಕಡಾ ಪ್ರೋಟೀನ್ ಇದೆ ಎಂದುಕೊಳ್ಳಿ, ಒಡೆದ ಮೆಕ್ಕೆಜೋಳದಲ್ಲಿ 8ರಿಂದ 9. ಮರಿ ತಿನ್ನುವುದರಲ್ಲಿ ಮೂರನೇ ಒಂದು ಭಾಗ ಜೋಳವಾದರೆ ಅದಕ್ಕೆ ಸಿಗುವ ಸರಾಸರಿ 16ಕ್ಕೆ ಇಳಿಯುತ್ತದೆ. ಹೊಟ್ಟೆ ತುಂಬಿದೆ, ಗರಿಗೆ ಬೇಕಾದದ್ದು ಸಿಗಲಿಲ್ಲ. ಸೊಪ್ಪು ಮತ್ತು ಹಣ್ಣಿನಲ್ಲಿ ಬಹುಪಾಲು ನೀರೇ ಇರುವುದರಿಂದ ಅವು ಚೀಲದಲ್ಲಿ ಜಾಗ ಹಿಡಿದು ಮೇವನ್ನು ಹೊರಗಿಡುತ್ತವೆ. ಪರಿಹಾರ ಸರಳ: ಹತ್ತು ದಿನ ತಿಂಡಿ ಪೂರ್ತಿ ನಿಲ್ಲಿಸಿ ಮತ್ತೆ ತೂಗಿ.

ತಿಂಡಿಯೇ ಕೊಡದಿದ್ದರೂ ಬೆಳವಣಿಗೆ ಕುಂಠಿತವಾಗಿದ್ದರೆ ಮೇವು ತುಂಬಿ ಬಂದ ಮೂಟೆಯ ಮೇಲಿನ ಚೀಟಿ ಓದಿ. ಮೊಟ್ಟೆಯಿಡುವ ಕೋಳಿಗಳ ಲೇಯರ್ ಆಹಾರವನ್ನು ಮರಿಗಳಿಗೂ ಹಾಕುವುದು ನಾನು ಮತ್ತೆ ಮತ್ತೆ ಕಂಡ ತಪ್ಪು. ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡಾ, ಮರಿಗೆ ಬೇಕಾದದ್ದು 1ರ ಆಸುಪಾಸು. ಹೆಚ್ಚಾದದ್ದು ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಆ ಹಾನಿ ಮರಳಿ ಸರಿಹೋಗುವುದಿಲ್ಲ. ಮರಿಗಳೂ ದೊಡ್ಡವೂ ಒಟ್ಟಿಗೇ ಇದ್ದರೆ ಎಲ್ಲಕ್ಕೂ ಮರಿಗಳ ಅಥವಾ ಬೆಳೆಯುವ ಕೋಳಿಗಳ ಆಹಾರ ಹಾಕಿ, ಕಪ್ಪೆಚಿಪ್ಪನ್ನು ಬೇರೆ ಬಟ್ಟಲಿನಲ್ಲಿ ದೊಡ್ಡವುಗಳಿಗೆ ಮಾತ್ರ ಎಟುಕುವ ಎತ್ತರದಲ್ಲಿಡಿ.

ಹಿಕ್ಕೆಯಲ್ಲಿ ಕೆಂಪು

ನಿನ್ನೆ ಬೀಟ್ರೂಟ್, ಟೊಮೆಟೊ, ಕೆಂಪು ಸೊಪ್ಪು ಕೊಟ್ಟಿದ್ದೀರಾ? ಕೊಟ್ಟಿದ್ದರೆ ಈ ಗುರುತು ಓದಲು ಬಾರದಂತಾಯಿತು, ಒಂದು ದಿನ ಕಾಯಬೇಕು. ಆದರೆ ಮರಿ ಮುದುಡಿ ನಿಂತಿದ್ದರೆ ಕಾಯಬೇಡಿ. ಕಿತ್ತಳೆ ಕೆಂಪಿನ ತೆಳು ಎಳೆ ಅಪರೂಪಕ್ಕೊಮ್ಮೆ ಕಾಣಿಸುವುದು ಕರುಳಿನ ಒಳಪದರ ಉದುರಿದ್ದು, ಅದು ಸಹಜ. ದಿನಕ್ಕೆ ಕೆಲವು ಸಲ ಬರುವ, ಕಂದು ಬಣ್ಣದ, ಅಂಟಂಟಾದ, ಗಬ್ಬು ವಾಸನೆಯ ಹಿಕ್ಕೆಯೂ ಸಹಜವೇ. ನಿಜವಾದ ರಕ್ತ, ಅದರ ಜೊತೆಗೆ ಗರಿ ಕೆದರಿಕೊಂಡು ತೂಕಡಿಸುವುದು, ಮೇವು ಬಿಡುವುದು ಮೂರರಿಂದ ಆರು ವಾರದ ಮರಿಗಳಲ್ಲಿ ಕಂಡರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಇರಬಹುದೆಂದೇ ಭಾವಿಸಿ ಅಂದೇ ಹಿಕ್ಕೆಯ ಮಾದರಿಯನ್ನು ಪಶುವೈದ್ಯರಿಗೆ ಒಯ್ಯಿರಿ.

ಆ ಪರೋಪಜೀವಿಯ ತತ್ತಿಗಳು ಸೋಂಕು ಹರಡುವ ಸ್ಥಿತಿಗೆ ಬರಲು ತೇವ ಮತ್ತು ಬಿಸಿ ಬೇಕು, ಒಂದೆರಡು ದಿನ ಸಾಕು. ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹಾಸು ಅವುಗಳಿಗೆ ತವರು. ನೆಲದ ಮೇಲೆ ಎರಚಿದ ರಸಭರಿತ ತಿಂಡಿ ಒದ್ದೆಯನ್ನೂ ಮಾಡುತ್ತದೆ, ಮರಿಗಳು ಅದೇ ಜಾಗದಲ್ಲಿ ಹಿಕ್ಕೆಯೊಂದಿಗೆ ಹೆಕ್ಕಿ ತಿನ್ನುವಂತೆಯೂ ಮಾಡುತ್ತದೆ. ಆಂಪ್ರೋಲಿಯಂ ಎಂಬ ಔಷಧ ಪರೋಪಜೀವಿಗೆ ಬಿ1 ವಿಟಮಿನ್ ಸಿಗದಂತೆ ತಡೆದು ಕೆಲಸ ಮಾಡುತ್ತದೆ. ಅದನ್ನು ಕೊಡುತ್ತಿರುವಾಗ ಬಲ ಬರಲೆಂದು ನೀರಿಗೆ ಬಿ ವಿಟಮಿನ್ ಬೆರೆಸಿದರೆ ಔಷಧದ ಕೆಲಸ ಕುಂದುತ್ತದೆ.

ಕಾಲು, ಕತ್ತು, ಕುಕ್ಕಾಟ

ಎರಡು ವಾರದ ಹೊತ್ತಿಗೆ ಕಾಲ್ಬೆರಳುಗಳು ಒಳಕ್ಕೆ ಸುರುಳಿಯಾಗಿ ಮರಿ ಮೊಣಕಾಲೂರಿ ನಡೆಯುತ್ತಿದ್ದರೆ ಬಿ2 ವಿಟಮಿನ್ ಕೊರತೆಯನ್ನು ಶಂಕಿಸಿ. ಬೇಗ ಕೊಟ್ಟರೆ ನೇರವಾಗುತ್ತವೆ. ಕತ್ತು ಹಿಂದಕ್ಕೆ ಬಾಗಿ ಆಕಾಶ ನೋಡುತ್ತಿದ್ದರೆ ಬಿ1, ತೂರಾಡಿ ಬೀಳುತ್ತಿದ್ದರೆ ವಿಟಮಿನ್ ಇ. ಹಳೆಯ ಮೇವಿನಲ್ಲಿ, ಹಳಸಿದ ಒಣಹುಳುಗಳ ಎಣ್ಣೆಯಲ್ಲಿ ವಿಟಮಿನ್ ಇ ನಾಶವಾಗಿರುತ್ತದೆ. ಕೊಕ್ಕು ರಬ್ಬರಿನಂತೆ ಬಾಗಿದರೆ ವಿಟಮಿನ್ ಡಿ. ಮನೆಯಲ್ಲೇ ಕಲಸಿದ ಮೇವಿನಲ್ಲಿ ಇವೆಲ್ಲ ಬರುವ ಸಾಧ್ಯತೆ ಹೆಚ್ಚು. ಕತ್ತು ತಿರುಚುವುದು ಸೋಂಕಿನಿಂದಲೂ ಆಗುತ್ತದೆ, ಒಂದಕ್ಕಿಂತ ಹೆಚ್ಚು ಮರಿಗಳಲ್ಲಿ ಕಂಡರೆ ಅಥವಾ ಮರಿಗಳು ಸಾಲುಸಾಲಾಗಿ ಸಾಯತೊಡಗಿದರೆ ಮೇವಿನ ಲೆಕ್ಕವನ್ನು ಅಲ್ಲಿಗೇ ಬಿಟ್ಟು ವೈದ್ಯರನ್ನು ಕರೆಯಿರಿ. ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತಿದ್ದರೆ ಜಾಗ, ಸೆಕೆ, ತೀಕ್ಷ್ಣ ಬೆಳಕು, ಪ್ರೋಟೀನ್ ಕೊರತೆ, ಈ ನಾಲ್ಕನ್ನು ನೋಡಿ.

ತಿಂಡಿ ಮತ್ತೆ ಶುರುಮಾಡುವಾಗ

ಎರಡು ದಿನ ಹಿಕ್ಕೆ, ಚೀಲ, ದನಿ ಮೂರೂ ಸರಿಯಿದ್ದ ಮೇಲೆ, ಮತ್ತು ಮರಿಗೆ ಎರಡು ವಾರ ತುಂಬಿದ ಮೇಲೆ ಶುರುಮಾಡಿ. ಆವಕಾಡೊ, ಚಾಕೊಲೇಟ್, ಬೇಯಿಸದ ಒಣ ಹುರುಳಿಕಾಯಿ ಬೀಜ, ಉಪ್ಪು ಬಿದ್ದದ್ದು, ಹಸಿರಾದ ಆಲೂಗಡ್ಡೆಯ ಸಿಪ್ಪೆ, ಬೂಷ್ಟು ಹಿಡಿದದ್ದು ಯಾವತ್ತಿಗೂ ಬೇಡ. ಉಳಿದವುಗಳಲ್ಲಿ ಒಂದನ್ನು ಆರಿಸಿ, ಮೂರು ದಿನ ಅದೊಂದೇ ಇರಲಿ. ಸೊಪ್ಪನ್ನು ಉಗುರಿಗಿಂತ ಸಣ್ಣದಾಗಿ ಹೆಚ್ಚಿ. ಹುಳುವನ್ನೂ ತುಂಡುಮಾಡಿ, ಉದ್ದನೆಯದಾದರೆ ಎರಡು ಮರಿಗಳು ಎರಡು ತುದಿ ಹಿಡಿದು ಎಳೆದಾಡಿ ಒಂದರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಹೊಸ ತಿಂಡಿಯನ್ನು ಕಂಡು ಮರಿಗಳು ಮೊದಲು ಹಿಂದೆ ಸರಿಯುತ್ತವೆ, ಬಲವಂತ ಮಾಡಬೇಡಿ. ಒಂದು ಧೈರ್ಯಮಾಡಿ ಕಚ್ಚಿಕೊಂಡು ಓಡುತ್ತದೆ, ಉಳಿದವು ಅದನ್ನು ಅಟ್ಟಿಸಿಕೊಂಡು ಹೋಗುತ್ತವೆ. ಆಗ ಓಡದೆ ನಿಂತ ಮರಿ ಯಾವುದೆಂದು ಗುರುತು ಹಾಕಿಕೊಳ್ಳಿ. ಸ್ಟಾರ್ಟರ್ ತಿಂದು ಚೀಲ ಅರ್ಧ ತುಂಬಿರುವ ಮಧ್ಯಾಹ್ನದ ಹೊತ್ತು ತಗ್ಗಿನ ಬಟ್ಟಲಿನಲ್ಲಿ ಕೊಡಿ, ಹದಿನೈದು ನಿಮಿಷವಾದ ಮೇಲೆ ಉಳಿದದ್ದನ್ನು ತೆಗೆದುಬಿಡಿ. ಸಂಜೆ ಆ ಓಡದ ಮರಿಯನ್ನು ಮೊದಲು ಎತ್ತಿಕೊಂಡು ಚೀಲ ಮುಟ್ಟಿ ನೋಡಿ.